ಅಡಿಗಲ್ಲು

ಮುಂಬಯಿಯಿಂದ ಬಂದವನ ಕೈಯಲ್ಲಿ ಒಂದು ಅಯಸ್ಕಾಂತ,
ಬೆರಳುದ್ದ, ಅರಿವೆ ಸುತ್ತಿದ್ದು.
ಬಾಗಿಲಿಗೆ ಇಟ್ಟ, ಅಂಟಿತು.
ಮಡ್‌ಗಾರ್ಡಿಗೆ ಇಟ್ಟ, ಜಾರಿ ಬಿತ್ತು.
'ಪುಟ್ಟಿ ಉಂಟು' ಅಂದ, ಮಂಗಳೂರು ಕನ್ನಡದಲ್ಲಿ.
ಬರೆದುಕೊಂಡ. ಎರಡು ಲಕ್ಷ ಹೋಯಿತು.

ಪುಟ್ಟಿ ಮೆತ್ತಿದವನು ನಾನೇ, ನಂಜುಂಡಾಚಾರಿ.
ಕಡೂರು ರಸ್ತೆಯ ಹುಣಸೆಮರಕ್ಕೆ
ತಿಮ್ಮಪ್ಪಗೌಡರು ಗುದ್ದಿದ ವರ್ಷ.
ಮರ ಈಗಿಲ್ಲ. ಗೌಡರೂ.

ಮೀನ್ ಗಾಡಿ ಅಂತಿದ್ದೆವು ಅದಕ್ಕೆ.
ಮೈಮೇಲೊಂದು ಬೆಳ್ಳಿಬಣ್ಣದ ಮೀನು,
ನಮ್ಮ ಕೆರೆಯದಲ್ಲ, ಹಲ್ಲಿರುವ ಯಾವುದೋ ಕಡಲಿನದು.
ಅಮೆರಿಕದ ದೊರೆಯೊಬ್ಬ ಮದರಾಸಿನಲ್ಲಿ ಬಿಟ್ಟುಹೋದದ್ದು,
ಅರವತ್ತೆಂಟನೇ ಇಸವಿಯ ಪ್ಲಿಮತ್,
ಎಡಗಡೆ ಸ್ಟೀರಿಂಗು, ಎಂಟು ಸಿಲಿಂಡರು.
ಐ.ಜಿ. ರಸ್ತೆಯಲ್ಲಿ ಗುರುಗುಟ್ಟಿದರೆ
ಹೋಟೆಲಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು.
ಪೆಟ್ರೋಲ್ ಕುಡಿಯುತ್ತಿತ್ತೋ,
ಬೀಗರ ಕಡೆಯವರು ಕಾಫಿ ಕುಡಿದ ಹಾಗೆ.

ಇಂಥವು ಈಗ ಕೋಟಿಗೆ ಹೋಗುತ್ತವಂತೆ.
ಹೋದ ವರ್ಷ ಒಂದೂವರೆ, ಈ ವರ್ಷ ಎರಡೂಮುಕ್ಕಾಲು,
'ಕಾಫಿ ಕೂಡ ಹೀಗೆ ಹಾರಿದ್ದಿಲ್ಲ' ಎಂದರು
ಗೌಡರ ಸೊಸೆ ವಸುಮತಮ್ಮ,
ಬಟಾಣಿ ಬಿಡಿಸುವಷ್ಟು ತಣ್ಣಗೆ.
ಷರತ್ತು ಒಂದೇ.
ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು.

ಹಾಗೇ ಇದ್ದಿದ್ದರೆ ಎಂಬತ್ತೊಂದರಲ್ಲೇ ಸತ್ತಿರುತ್ತಿತ್ತು ಸ್ವಾಮಿ.

ಹಾರ್ನು ಅಂಬಾಸಡರಿನದು, ಐವತ್ತು ಸಾವಿರ ಹೋಯಿತು.
(ಚಾರ್ಮಾಡಿಯ ಮಂಜಿನಲ್ಲಿ ಕೂಗದೆ ಇಳಿಯುವುದು ಹೇಗೆ?)
ರೇಡಿಯೇಟರು ಲಾರಿಯದು, ಒಂದು ಲಕ್ಷ.
ಡಿಕ್ಕಿಯ ಕೀಲು ನಾನೇ ಬಡಿದದ್ದು, ಗಾಡಿಚಕ್ರದ ಪಟ್ಟಿಯಿಂದ.
ಅದನ್ನು ಎರಡು ಸಲ ತೆರೆದು ಮುಚ್ಚಿದ.
'ಒಳ್ಳೆ ಕೆಲಸ' ಅಂದ.
ಅದಕ್ಕೂ ಇಪ್ಪತ್ತು ಕಳೆದ.

ಈ ಕೈ ಮುಟ್ಟಿದ್ದಕ್ಕೆ ನಲವತ್ತು ವರ್ಷ ಓಡಿತು,
ಈ ಕೈ ಮುಟ್ಟಿದಲ್ಲೆಲ್ಲ ಬೆಲೆ ಇಳಿಯಿತು.

ಬಾನೆಟ್ ಎತ್ತಿದ.
ಒಳಗೆ ಮೆಟಡೋರಿನ ಡೀಸೆಲ್ ಇಂಜಿನ್,
ದೊಡ್ಡ ಅಂಗಿ ತೊಟ್ಟ ಬಡಕಲು ಹುಡುಗನ ಹಾಗೆ.
ಹೆಣ ನೋಡಿದವನಂತೆ ಕಣ್ಣು ಮುಚ್ಚಿದ.
'ಹಳತು ಎಲ್ಲಿ ಉಂಟು? ಅದರಲ್ಲೊಂದು ನಂಬರ್ ಉಂಟು.
ಚಾಸಿಗೆ ತಾಳೆಯಾದರೆ ಕಳೆದದ್ದೆಲ್ಲ ವಾಪಸು,
ಮೇಲೆ ಎಂಬತ್ತು ಲಕ್ಷ.'

ವಸುಮತಮ್ಮ ನನ್ನನ್ನು ನೋಡಿದರು.
ನಾನು ಅವನ ಟೀ ಲೋಟ ನೋಡಿದೆ.
ಅದರ ಮೇಲೇ ಇಟ್ಟಿದ್ದ.

ಗುಜರಿಗೆ ಹಾಕು, ಬಂದದ್ದು ನೀನೇ ಇಟ್ಕೊ ಅಂದಿದ್ದರು ಗೌಡರು.
ಕೆಜಿಗೆ ಒಂದೂಕಾಲು ರೂಪಾಯಿ. ಹಾಕಲಿಲ್ಲ.
ಅಪ್ಪನ ಅಡಿಗಲ್ಲು ಅಣ್ಣನ ಪಾಲಿಗೆ ಹೋಗಿತ್ತು,
ನನಗೂ ಒಂದು ಬೇಕಿತ್ತು.
ಅರ್ಧ ನೆಲದಲ್ಲಿ ಹೂತೆ, ಅರ್ಧ ಮೇಲೆ ಬಿಟ್ಟೆ,
ಅಮಾವಾಸ್ಯೆಗೊಮ್ಮೆ ಕುಂಕುಮ ಇಟ್ಟೆ.
ಸಹಕಾರ ಸಾರಿಗೆ ಬಸ್ಸಿನ ಬಂಪರು, ಪಲ್ಪರಿನ ತಗಡು,
ಮಗಳ ಮದುವೆಗೆ ಬಾಡಿಗೆ ತಂದ ಕೊಪ್ಪರಿಗೆಯ ತಗ್ಗು,
ಎಲ್ಲ ನೆಟ್ಟಗಾದದ್ದು ಅದರ ಮೇಲೇ.

ಹೇಳಿದೆ.
ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿದ.
ಟಾರ್ಚು, ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು.
ಕುಂಕುಮ ಕರಗಿ ಕೆಂಪಗೆ ಹರಿಯಿತು.
ಅಂಗೈಯಗಲದ ಸಪಾಟು ಜಾಗ ಸಿಕ್ಕಿತು.
ನನಗೆ ಗೊತ್ತಿದ್ದ ಜಾಗ.
ಸುತ್ತಿಗೆ ಬೀಳಲು ಅದಕ್ಕಿಂತ ಒಳ್ಳೆಯದಿರಲಿಲ್ಲ.

'ಎರಡು' ಅಂದ. ತಡವಿದ. 'ಆಮೇಲೆ ಸೊನ್ನೆ.
ಅಲ್ಲ, ಎಂಟು. ಅಲ್ಲ...'
ಕುರುಡರು ಮುಖ ಸವರಿದ ಹಾಗೆ ಸವರಿದ.
ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ವಸುಮತಮ್ಮನಿಗೆ ನಗು ಬಂತು, ತಡೆಯಲಿಲ್ಲ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ.
'ಆ ಕೀಲಿನಂಥದ್ದು ಒಂದು ಜೊತೆ ಮಾಡಿ ಕೊಡುತ್ತೀರಾ?
ಬೇರೊಂದು ಗಾಡಿಗೆ. ಹಳತೇ ಅನಿಸಬೇಕು.'
ಎಷ್ಟು ಅಂತ ಕೇಳಿದ.
ಲೆಕ್ಕ ಹಾಕುತ್ತಾ ನಿಂತೆ, ಅವನು ಹೋದ ಮೇಲೂ.

ಸಂಜೆ ಉಪ್ಪಳ್ಳಿಯ ಮೆಹಬೂಬನ ಆಟೋ ಬಂತು,
ಮುಂದಿನ ಮಡ್‌ಗಾರ್ಡ್ ನೆಗ್ಗಿತ್ತು.
ಬಿಚ್ಚಿ ಅಡಿಗಲ್ಲಿಗೆ ಒರಗಿಸಿದೆ,
ಆ ಜಾಗ ಬಿಟ್ಟು
ಒಂದಿಂಚು ಆಚೆಗೆ ಹೊಡೆದೆ ಮೊದಲ ಏಟು.